ಸೂಪರ್ ಮಾರ್ಕೆಟ್‌ನ ಸ್ವಂತ ಪ್ಯಾಕೆಟ್ಟಾ, ಕಂಪನಿ ಮಾಲಾ? ಗೋಣಿಕೊಪ್ಪದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮ ಮನೆ ಕೊಡಗಿನ ಗೋಣಿಕೊಪ್ಪದ ಹತ್ತಿರ. ಆರು ಜನ ಇದ್ದೇವೆ. ಇಬ್ಬರು ಸ್ಕೂಲಿಗೆ ಹೋಗುವ ಮಕ್ಕಳು. ಅತ್ತೆಗೆ ಬಿಪಿ ಇದೆ. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ದಿನಸಿ ತರುತ್ತೇವೆ. ಅಲ್ಲಿ ಅಂಗಡಿಯವರದೇ ಹೆಸರಿನ ಬೇಳೆ, ಹಿಟ್ಟು, ಬಿಸ್ಕತ್ತು, ಸಾಸ್ ಎಲ್ಲ ಕಡಿಮೆ ಬೆಲೆಗೆ ಸಿಗುತ್ತದೆ. ನನ್ನ ಗಂಡ ಅದೆಲ್ಲ ಎರಡನೇ ನಂಬರ್ ಮಾಲು ಅನ್ನುತ್ತಾರೆ. ಅತ್ತೆಗೆ ಹಳೇ ಕಂಪನಿಯದೇ ಆಗಬೇಕು. ಯಾವುದನ್ನು ಧೈರ್ಯವಾಗಿ ತಗೊಳ್ಳಬಹುದು, ಯಾವುದಕ್ಕೆ ಕಂಪನಿ ಮಾಲೇ ಸರಿ? ಮಳೆಗಾಲಕ್ಕೆ ಜಾಸ್ತಿ ತಂದಿಟ್ಟರೆ ಹಾಳಾಗುತ್ತಾ?

ಉತ್ತರ:

ನಿಮ್ಮ ಗಂಡ ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ, ಆದರೆ ಎಲ್ಲ ಸಾಮಾನಿಗೂ ಅದನ್ನು ಅನ್ವಯಿಸಿದರೆ ನಷ್ಟ ನಿಮಗೇ. ನಾನು ಆಹಾರ ತಂತ್ರಜ್ಞಾನ ಓದಿ, ಪ್ಯಾಕಿಂಗ್ ಘಟಕಗಳಲ್ಲಿ ಕೆಲಸ ಮಾಡಿದವನು. ನಮ್ಮ ಮನೆಗೆ ಸಾಮಾನು ತರುವಾಗ ನಾನು ನೋಡುವುದು ಒಂದೇ. ಪ್ಯಾಕೆಟ್ ಒಳಗೆ ಒಂದೇ ಪದಾರ್ಥ ಇದೆಯಾ, ಹತ್ತು ಪದಾರ್ಥ ಇದೆಯಾ? ಒಂದೇ ಇದ್ದರೆ, ಅಂದರೆ ಬೇಳೆ, ಸಕ್ಕರೆ, ಉಪ್ಪು, ರವೆ, ಅವಲಕ್ಕಿ, ಕಡಲೆಬೀಜ ಇಂಥವು, ಅಂಗಡಿಯವರದೇ ಪ್ಯಾಕೆಟ್ ಧೈರ್ಯವಾಗಿ ತಗೊಳ್ಳಿ. ಹತ್ತು ಪದಾರ್ಥ ಇದ್ದರೆ ಮುಂದಿನ ಹೆಸರು ಮರೆತು ಹಿಂಭಾಗ ತಿರುಗಿಸಿ ಓದಿ. ಅಲ್ಲಿ ಕೆಲವು ಸಲ ಅಂಗಡಿಯವರದು ಗೆಲ್ಲುತ್ತದೆ, ಕೆಲವು ಸಲ ಕಂಪನಿಯದು. ಎಷ್ಟೋ ಸಲ ಎರಡನ್ನೂ ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಮೊದಲು ಈ ಪ್ಯಾಕೆಟ್‌ಗಳು ಎಲ್ಲಿಂದ ಬರುತ್ತವೆ ಅಂತ ನೋಡೋಣ. ರಿಲಯನ್ಸ್‌ನವರ ಗುಡ್ ಲೈಫ್, ಡಿಮಾರ್ಟ್‌ನವರ ಪ್ರೀಮಿಯಾ, ಬಿಗ್‌ಬಾಸ್ಕೆಟ್‌ನವರ ಬಿಬಿ ರಾಯಲ್, ಇವೆಲ್ಲ ಅಂಗಡಿಯವರದೇ ಹೆಸರುಗಳು. ಹಾಗಂತ ಅಂಗಡಿಯವರು ಬಿಸ್ಕತ್ತು ಫ್ಯಾಕ್ಟರಿ ಇಟ್ಟುಕೊಂಡು ಕೂತಿರುತ್ತಾರೆ ಅಂದುಕೊಳ್ಳಬೇಡಿ. ಹೆಚ್ಚಾಗಿ ಬೇರೆ ಫ್ಯಾಕ್ಟರಿಗಳಿಗೆ ಆರ್ಡರ್ ಕೊಟ್ಟು ಮಾಡಿಸುತ್ತಾರೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ತಯಾರಿಸಿದವರು ಯಾರು, ಮಾರಾಟ ಮಾಡುವವರು ಯಾರು ಅಂತ ಬೇರೆ ಬೇರೆ ಬರೆದಿರುತ್ತದೆ. ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ. ಟಿವಿಯಲ್ಲಿ ದಿನಾ ಬರುವ ಎಷ್ಟೋ ಮಾಲು ಆ ಕಂಪನಿಯ ಸ್ವಂತ ಫ್ಯಾಕ್ಟರಿಯಲ್ಲಿ ತಯಾರಾಗುವುದೇ ಇಲ್ಲ.

ಹಾಗಾದರೆ ಬೆಲೆ ಯಾಕೆ ಕಡಿಮೆ? ಜಾಹೀರಾತಿನ ಖರ್ಚಿಲ್ಲ. ನಡುವೆ ಡಿಸ್ಟ್ರಿಬ್ಯೂಟರ್ ಇಲ್ಲ, ಅವರ ಕಮಿಷನ್ ಇಲ್ಲ. ಕಂಪನಿಯವರು ಒಳ್ಳೆ ಜಾಗದ ಶೆಲ್ಫ್‌ಗೆ ಅಂಗಡಿಗೆ ದುಡ್ಡು ಕೊಡಬೇಕಾಗುತ್ತದೆ, ಅಂಗಡಿಯವರದೇ ಮಾಲಿಗೆ ಅದೂ ಬೇಡ. ಇಷ್ಟರಲ್ಲೇ ಬೆಲೆ ಇಳಿಯುತ್ತದೆ. ಇಲ್ಲಿಯವರೆಗೆ ಗುಣಮಟ್ಟದ ಮಾತೇ ಬಂದಿಲ್ಲ ನೋಡಿ. ಆದರೆ ಕೆಲವು ಮಾಲಿನಲ್ಲಿ ಪದಾರ್ಥದಲ್ಲೂ ಉಳಿಸುತ್ತಾರೆ, ನಿಮ್ಮ ಗಂಡನ ಅನುಮಾನ ನಿಜವಾಗುವುದು ಅಲ್ಲೇ. ‘ಎರಡೂ ಒಂದೇ ಫ್ಯಾಕ್ಟರಿಯದ್ದು, ಕವರ್ ಮಾತ್ರ ಬೇರೆ’ ಅಂತ ಕೆಲವರು ವಾದ ಮಾಡುತ್ತಾರಲ್ಲ, ಅದನ್ನೂ ಪೂರ್ತಿ ನಂಬಬೇಡಿ. ಫ್ಯಾಕ್ಟರಿ ಒಂದೇ ಇರಬಹುದು. ಆದರೆ ಎಷ್ಟು ಗೋಡಂಬಿ, ಯಾವ ಎಣ್ಣೆ, ಎಷ್ಟು ಸಕ್ಕರೆ ಅನ್ನುವುದು ಆರ್ಡರ್ ಕೊಟ್ಟವರು ಹೇಳಿದ ಹಾಗೆ. ಅದು ಹಿಂಭಾಗದ ಪಟ್ಟಿಯಲ್ಲಿ ಗೊತ್ತಾಗುತ್ತದೆ.

ಕಾನೂನು ಇಬ್ಬರಿಗೂ ಒಂದೇ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅಂಗಡಿಯವರ ಮಾಲಿಗೆ ಅಂತ ಸಡಿಲ ನಿಯಮ ಯಾವುದೂ ಇಲ್ಲ. ಎರಡರ ಮೇಲೂ 14 ಅಂಕಿಯ ಎಫ್ಎಸ್ಎಸ್ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು. ಆ ನಂಬರನ್ನು ಓದಲು ಕಲಿತರೆ ಮಜಾ ಇರುತ್ತದೆ. 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ಸಣ್ಣ ವ್ಯಾಪಾರದ ನೋಂದಣಿ. ಆಮೇಲಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಕೇಂದ್ರದ ಲೈಸೆನ್ಸ್ ಆದರೆ 100 ಅಂತ ಶುರು. ಅದರ ನಂತರದ ಎರಡು ಅಂಕಿ ಲೈಸೆನ್ಸ್ ಕೊಟ್ಟ ವರ್ಷ. ಅನುಮಾನ ಬಂದರೆ ಎಫ್ಎಸ್ಎಸ್ಎಐನವರ ಫಾಸ್ಕಾಸ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಅದು ಯಾರದು ಅಂತ ನೋಡಬಹುದು.

ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಭದ್ರ ಅಂತ ಅತ್ತೆಯವರು ನಂಬಿದ್ದಾರಲ್ಲ, ಅವರಿಗೆ ಎರಡು ವಿಷಯ ಹೇಳಿ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನುತುಪ್ಪ ಪರೀಕ್ಷೆ ಮಾಡಿಸಿತು. ಸಕ್ಕರೆ ಪಾಕದ ಕಲಬೆರಕೆ ಹಿಡಿಯುವ ಎನ್‌ಎಂಆರ್ ಅನ್ನುವ ಸೂಕ್ಷ್ಮ ಪರೀಕ್ಷೆ ಸೇರಿ ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಮೂರೇ. ಕಂಪನಿಗಳು ಆ ಫಲಿತಾಂಶವನ್ನು ಒಪ್ಪಲಿಲ್ಲ, ಅದು ಬೇರೆ ಮಾತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರದಲ್ಲಿ ನಮ್ಮ ದೇಶದ ಹೆಸರುವಾಸಿ ಕಂಪನಿಗಳ ಮಸಾಲೆ ಪುಡಿ ತಡೆದರು. ಕಾರಣ ಎಥಿಲೀನ್ ಆಕ್ಸೈಡ್ ಅನ್ನುವ ರಾಸಾಯನಿಕದ ಅಂಶ. ಹಳೇ ಕಂಪನಿ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೆಸರು ನೋಡಿ ಕಣ್ಣು ಮುಚ್ಚಿಕೊಳ್ಳಬೇಡಿ, ಅಷ್ಟೇ.

ಈಗ ಒಂದೊಂದಾಗಿ ಸಾಮಾನಿಗೆ ಬರೋಣ.

ಬೇಳೆ ಕಾಳು. ಇಲ್ಲಿ ಕಂಪನಿ ಅಂದರೂ ಅಂಗಡಿ ಅಂದರೂ ಮಾಡುವ ಕೆಲಸ ಇಷ್ಟೇ: ಮಿಲ್ಲಿನಿಂದ ತರುವುದು, ಸೋಸುವುದು, ತುಂಬುವುದು. ಹಾಗಾಗಿ ಕಣ್ಣೇ ದೊಡ್ಡ ಪರೀಕ್ಷೆ. ಪ್ಯಾಕೆಟ್ ಪಾರದರ್ಶಕವಾಗಿರುತ್ತದೆ, ಬೆಳಕಿಗೆ ಹಿಡಿದು ನೋಡಿ. ಕಾಳು ಒಂದೇ ಗಾತ್ರ ಇದೆಯಾ, ತಳದಲ್ಲಿ ನುಚ್ಚು ಮತ್ತು ಪುಡಿ ಎಷ್ಟು ಕೂತಿದೆ, ತೂತು ಬಿದ್ದ ಕಾಳು ಇದೆಯಾ. ತಳದಲ್ಲಿ ಹಿಟ್ಟಿನ ಥರ ಪುಡಿ ಕಂಡರೆ ಹುಳ ಆಗಲೇ ಕೆಲಸ ಶುರು ಮಾಡಿದೆ ಅಂತ ಅರ್ಥ. ತೊಗರಿಬೇಳೆ ತುಂಬಾ ಮಿರಮಿರ ಮಿಂಚುತ್ತಿದ್ದರೆ ಪಾಲಿಶ್ ಮಾಡಿದ್ದು. ಅದರಲ್ಲಿ ವಿಷ ಏನಿಲ್ಲ, ಆದರೆ ಮಿಂಚಿಗೆ ಯಾಕೆ ದುಡ್ಡು ಕೊಡಬೇಕು? ಅಂಗಡಿಯವರ ಬೇಳೆಯಲ್ಲಿ ಒಂದು ತೊಂದರೆ ಮಾತ್ರ ನಿಜ. ಈ ತಿಂಗಳ ಲಾಟಿಗೂ ಮುಂದಿನ ತಿಂಗಳದ್ದಕ್ಕೂ ವ್ಯತ್ಯಾಸ ಇರುತ್ತದೆ, ಯಾಕೆಂದರೆ ಮಾಲು ಕೊಡುವವರು ಬದಲಾಗುತ್ತಿರುತ್ತಾರೆ. ಒಂದು ಸಲ ಬೇಗ ಬೆಂದ ಬೇಳೆ ಇನ್ನೊಂದು ಸಲ ನಾಲ್ಕು ಸೀಟಿ ಜಾಸ್ತಿ ಕೇಳಬಹುದು. ಹಾಗಾಗಿ ಹೊಸ ಲಾಟ್ ಆದರೆ ಮೊದಲು ಒಂದು ಕಿಲೋ ತಂದು ಬೇಯಿಸಿ ನೋಡಿ, ಆಮೇಲೆ ಜಾಸ್ತಿ ತನ್ನಿ.

ಸಕ್ಕರೆ, ಉಪ್ಪು ಬಗ್ಗೆ ಜಾಸ್ತಿ ಹೇಳುವುದು ಬೇಡ. ಯಾರದಾದರೂ ಸರಿ. ಉಪ್ಪಿನಲ್ಲಿ ಅಯೋಡಿನ್ ಇರಲಿ. ಅತ್ತೆಯವರ ಬಿಪಿಗೆ ಅಂತ ಕಡಿಮೆ ಸೋಡಿಯಂ ಉಪ್ಪು ತರುವ ಯೋಚನೆ ಇದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ ಮತ್ತು ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಅದು ಒಳ್ಳೆಯದಲ್ಲ. ಡಾಕ್ಟರನ್ನು ಕೇಳದೆ ತರಬೇಡಿ, ಅದು ಯಾವ ಬ್ರ್ಯಾಂಡ್ ಆದರೂ ಅಷ್ಟೇ.

ಅಕ್ಕಿ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಪಕ್ಷಪಾತಿ. ಗದ್ದೆ ಇದ್ದು, ಮಿಲ್ ಹತ್ತಿರ ಇದ್ದು, ಮೈಸೂರಿಂದ ಅಕ್ಕಿ ಮೂಟೆ ಹೊತ್ತು ತರುವುದು ಯಾವ ಲೆಕ್ಕ? ಗದ್ದೆ ಇಲ್ಲದಿದ್ದರೆ ಸರಿ, ಊಟದ ಅಕ್ಕಿ ಅಂಗಡಿಯವರದೇ ತಗೊಳ್ಳಿ. ಆದರೆ ಅಕ್ಕಿ ತರಿಯಿಂದ ಮಾಡುವ ಕಡಂಬುಟ್ಟಿಗೆ (ಉಂಡೆ ಕಡುಬು), ಪಾಪುಟ್ಟಿಗೆ ಅಂತ ಅಲ್ಲಿನ ಇಡ್ಲಿ ರವೆ ತರಬೇಡಿ. ಇಡ್ಲಿ ರವೆ ಹೆಚ್ಚಾಗಿ ಕುಸುಬಲಕ್ಕಿಯದು. ನಮ್ಮ ತರಿ ಬೆಳ್ತಿಗೆ ಅಕ್ಕಿ ತೊಳೆದು ಒಣಗಿಸಿ ಒಡೆಸಿದ್ದು. ಎರಡೂ ನೋಡಲು ಒಂದೇ ಥರ ಕಂಡರೂ ನೀರು ಕುಡಿಯುವ ರೀತಿ ಬೇರೆ, ಉಂಡೆ ಕಟ್ಟುವ ರೀತಿಯೂ ಬೇರೆ. ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡಿ ನೆಂಟರನ್ನು ಕರೆದ ದಿನ ಕಡಂಬುಟ್ಟು ಕೈಕೊಟ್ಟರೆ ಉಳಿಸಿದ ಹತ್ತು ರೂಪಾಯಿ ಯಾರಿಗೆ ಬೇಕು? ಅಕ್ಕಿ ಹಿಟ್ಟಿಗೂ ಇದೇ ಮಾತು. ಅಕ್ಕಿ ರೊಟ್ಟಿಗೆ ಆಗ ತಾನೇ ಮಾಡಿಸಿದ ಹಿಟ್ಟೇ ಚೆಂದ, ಮಿಲ್ಲಿನಲ್ಲಿ ಒಂದೆರಡು ಕಿಲೋ ಮಾಡಿಸಿ.

ಗೋಧಿ ಹಿಟ್ಟು ಅಂಗಡಿಯವರದು ನಡೆಯುತ್ತದೆ. ಪದಾರ್ಥದ ಜಾಗದಲ್ಲಿ ಗೋಧಿ ಅಂತ ಒಂದೇ ಇರಬೇಕು. ತಯಾರಾದ ತಾರೀಖು ಹೊಸದಿರಲಿ, ಗೋಧಿಯ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇರುವುದರಿಂದ ಹಳೇ ಹಿಟ್ಟು ಕಮಟು ವಾಸನೆ ಹೊಡೆಯುತ್ತದೆ.

ಅಡುಗೆ ಎಣ್ಣೆಯಲ್ಲಿ ಹುಷಾರಾಗಿರಿ. ಗುಣಮಟ್ಟದ ನಿಯಮ ಒಂದೇ, ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಯಾರದಾದರೂ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯೇ. ಮೋಸ ಹೋಗುವುದು ಎರಡು ಕಡೆ. ಒಂದು, ಮಿಶ್ರ ಎಣ್ಣೆ. ಮುಂದೆ ದೊಡ್ಡ ಚಿತ್ರ ಒಂದರದು, ಒಳಗೆ ಎರಡು ಎಣ್ಣೆ. ಮಿಶ್ರ ಎಣ್ಣೆ ಆದರೆ ಯಾವ ಎಣ್ಣೆ ಎಷ್ಟು ಶೇಕಡಾ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು, ಹುಡುಕಿ ಓದಿ. ಇನ್ನೊಂದು ಅಳತೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ನೋಡಲು ಅಷ್ಟೇ ದೊಡ್ಡದಾಗಿ ಕಾಣುವ 850, 800 ಗ್ರಾಂ ಪೌಚ್‌ಗಳು ಬಂದಿವೆ. ಬೆಲೆ ಕಡಿಮೆ ಅಂತ ಖುಷಿಯಾಗುತ್ತದೆ, ಎಣ್ಣೆಯೂ ಕಡಿಮೆ!

ಹಾಲು, ತುಪ್ಪ, ಮೊಸರಿಗೆ ಮೈಸೂರಿನ ಶೆಲ್ಫ್ ಬೇಡ. ಕೂಡಿಗೆಯಲ್ಲೇ ಡೈರಿ ಇದೆ, ನಂದಿನಿ ನಮ್ಮ ಊರಲ್ಲೇ ಸಿಗುತ್ತದೆ. ತುಪ್ಪ ಕಲಬೆರಕೆ ಮಾಡಲು ಸುಲಭ, ಹಿಡಿಯಲು ಕಷ್ಟ. ಅಲ್ಲಿ ನಾನು ಕಡಿಮೆ ಬೆಲೆ ಹುಡುಕಲು ಹೋಗುವುದಿಲ್ಲ. ಅತ್ತೆಯವರ ಮಾತು ಇಲ್ಲಿ ಪೂರ್ತಿ ಸರಿ.

ಈಗ ಹತ್ತು ಪದಾರ್ಥದ ಪ್ಯಾಕೆಟ್‌ಗಳು. ಮಕ್ಕಳಿರುವ ಮನೆಯಲ್ಲಿ ದುಡ್ಡೂ ಹೋಗುವುದು ಇಲ್ಲೇ, ಆರೋಗ್ಯವೂ ಹೋಗುವುದು ಇಲ್ಲೇ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನುವುದು ನಿಯಮ. ಜಾಸ್ತಿ ಇರುವುದು ಮೊದಲು. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಒಳಗೆ ಏನಿದೆ ಅಂತ ಮುಕ್ಕಾಲು ಪಾಲು ಗೊತ್ತಾಯಿತು. ರಾಗಿ ಬಿಸ್ಕತ್ತು ಅಂತ ಮುಂದೆ ತೆನೆಯ ಚಿತ್ರ ಇರುತ್ತದೆ. ತಿರುಗಿಸಿದರೆ ಮೈದಾ, ಸಕ್ಕರೆ, ಪಾಮ್ ಎಣ್ಣೆ, ಆಮೇಲೆಲ್ಲೋ ರಾಗಿ, ಪಕ್ಕದಲ್ಲಿ ಶೇಕಡಾ ಎಷ್ಟು ಅಂತಲೂ ಬರೆದಿರುತ್ತದೆ. ಬ್ರೌನ್ ಬ್ರೆಡ್‌ನಲ್ಲೂ ಹೀಗೇ. ಕಂದು ಬಣ್ಣ ಗೋಧಿಯಿಂದ ಬಂದಿದೆಯಾ, ಐಎನ್‌ಎಸ್ 150 (ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟ ನಂಬರ್) ಅನ್ನುವ ಕ್ಯಾರಮೆಲ್ ಬಣ್ಣದಿಂದ ಬಂದಿದೆಯಾ ನೋಡಿ.

ನಂಬರ್ ಕಂಡ ಕೂಡಲೇ ಹೆದರುವುದೂ ಬೇಡ. ಐಎನ್‌ಎಸ್ 500 ಅಂದರೆ ಅಡುಗೆ ಸೋಡಾ. 330 ಅಂದರೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ. 322 ಲೆಸಿಥಿನ್, ಹೆಚ್ಚಾಗಿ ಸೋಯಾದಿಂದ ತೆಗೆದದ್ದು. ವಾಟ್ಸಾಪ್‌ನಲ್ಲಿ ಈ ನಂಬರ್‌ಗಳ ಪಟ್ಟಿ ಹಾಕಿ ಕ್ಯಾನ್ಸರ್ ಅಂತ ಹೆದರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದೇ ಜನ ಮೊದಲ ಮೂರು ಪದಾರ್ಥದಲ್ಲಿ ಎರಡು ಸಕ್ಕರೆ ಇರುವುದನ್ನು ನೋಡುವುದೇ ಇಲ್ಲ. ಸಕ್ಕರೆಗೆ ಬೇರೆ ವೇಷಗಳೂ ಇವೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ರಕ್ತದಲ್ಲಿ ಸಕ್ಕರೆ ಏರಿಸುವ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಪೋಷಕಾಂಶದ ಕೋಷ್ಟಕ ನೋಡುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು ಪ್ಯಾಕೆಟ್‌ನ ಸರ್ವಿಂಗ್ (ಒಂದು ಸಲಕ್ಕೆ ತಿನ್ನುವ ಪ್ರಮಾಣ) ಲೆಕ್ಕವನ್ನು ಇನ್ನೊಂದರ ಸರ್ವಿಂಗ್ ಲೆಕ್ಕಕ್ಕೆ ಹೋಲಿಸುತ್ತಾರೆ. ಒಬ್ಬರ ಸರ್ವಿಂಗ್ 20 ಗ್ರಾಂ, ಇನ್ನೊಬ್ಬರದು 30 ಗ್ರಾಂ. ಯಾವಾಗಲೂ 100 ಗ್ರಾಂನ ಸಾಲು ನೋಡಿ. ಲೇಬಲ್ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಸೇರಿಸಿದ ಸಕ್ಕರೆ 50 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಅಂತ ಹಿಡಿದಿರುತ್ತಾರೆ. ಮಕ್ಕಳಿಗೆ ಇದಕ್ಕಿಂತ ಕಡಿಮೆಯೇ ಸಾಕು. 2000 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಟೀ ಚಮಚ. ನಿಮ್ಮ ಅತ್ತೆಯವರಿಗೆ ಮುಖ್ಯ ಆಗುವುದು ಈ ಸೋಡಿಯಂ ಸಾಲು. ಒಂದು ನೂಡಲ್ಸ್‌ನಲ್ಲಿ 100 ಗ್ರಾಂಗೆ 1000 ಮಿಲಿಗ್ರಾಂ ಇದೆ ಅಂದುಕೊಳ್ಳಿ, ಆ 100 ಗ್ರಾಂ ತಿಂದರೆ ಅರ್ಧ ದಿನದ ಕೋಟಾ ಮುಗಿಯಿತು. ಹಪ್ಪಳ, ಉಪ್ಪಿನಕಾಯಿ, ಸೂಪ್ ಪುಡಿ, ಮಿಕ್ಸ್ಚರ್ ಇವುಗಳಲ್ಲಿ ಅಂಗಡಿಯವರದು ಮತ್ತು ಕಂಪನಿಯದು ಎರಡನ್ನೂ ಕೈಯಲ್ಲಿ ಹಿಡಿದು ಸೋಡಿಯಂ ಹೋಲಿಸಿ. ಕಡಿಮೆ ಇರುವುದು ಬುಟ್ಟಿಗೆ. ಅತ್ತೆಯವರ ಹಳೇ ಕಂಪನಿ ಗೆದ್ದರೆ ಅದೇ ಇರಲಿ, ಸೋತರೆ ಅವರಿಗೇ ಆ ಎರಡು ಅಂಕಿ ತೋರಿಸಿ. ಡಾಕ್ಟರ್ ಹೇಳಿದ್ದನ್ನು ಅವರು ಕೇಳುತ್ತಾರೆ ಅಲ್ವಾ, ಇದನ್ನೂ ಕೇಳುತ್ತಾರೆ.

ಇನ್ನು ಕೆಲವು ಮಾಲಿನಲ್ಲಿ ಹೆಸರಲ್ಲೇ ಸುಳಿವು ಇರುತ್ತದೆ. ಜಾಮ್ ಅಂತ ಬರೆಯಬೇಕಾದರೆ ಸಾಮಾನ್ಯವಾಗಿ ಶೇ. 45ರಷ್ಟು ಹಣ್ಣು ಹಾಕಿರಬೇಕು. ಸ್ಪ್ರೆಡ್ ಅಂತಲೋ ಇನ್ನೇನೋ ಹೆಸರು ಕಂಡರೆ ಹಣ್ಣಿನ ಶೇಕಡಾ ಹುಡುಕಿ. ಫ್ರೂಟ್ ಡ್ರಿಂಕ್ ಅಂದರೆ ಹಣ್ಣಿನ ಅಂಶ ಶೇ. 10 ಇದ್ದರೂ ನಡೆಯುತ್ತದೆ, ಉಳಿದದ್ದು ನೀರು ಮತ್ತು ಸಕ್ಕರೆ. 100% ಜ್ಯೂಸ್ ಅನ್ನುವ ಮಾತನ್ನು ಪ್ಯಾಕೆಟ್‌ನಿಂದ ತೆಗೆಯಿರಿ ಅಂತ ಎಫ್ಎಸ್ಎಸ್ಎಐ 2024ರ ಜೂನ್‌ನಲ್ಲಿ ಹೇಳಿತು, ಯಾಕೆಂದರೆ ಅವು ಹೆಚ್ಚಾಗಿ ಗಟ್ಟಿ ರಸಕ್ಕೆ ಮತ್ತೆ ನೀರು ಬೆರೆಸಿದವು. ಐಸ್‌ಕ್ರೀಮ್ ಡಬ್ಬದ ಮೇಲೆ ಫ್ರೋಜನ್ ಡೆಸರ್ಟ್ ಅಂತ ಇದ್ದರೆ ಅದರಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆ. ಮಕ್ಕಳ ಹೆಲ್ತ್ ಡ್ರಿಂಕ್ ಪುಡಿಗಳ ಬಗ್ಗೆಯೂ ಕೇಳಿರುತ್ತೀರಿ. ಹೆಲ್ತ್ ಡ್ರಿಂಕ್ ಅಂತ ಕಾನೂನಿನಲ್ಲಿ ಒಂದು ವರ್ಗವೇ ಇಲ್ಲ. 2024ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆ ಹೆಸರಿನ ಪಟ್ಟಿಯಿಂದ ಇವುಗಳನ್ನು ತೆಗೆಯಿರಿ ಅಂತ ಕೇಂದ್ರ ಸರ್ಕಾರವೇ ಸೂಚನೆ ಕೊಟ್ಟಿತು. ಅಂಗಡಿಯವರದು ಅಗ್ಗ ಅಂತಲೂ ಬೇಡ, ಕಂಪನಿಯದು ಒಳ್ಳೆಯದು ಅಂತಲೂ ಬೇಡ. ನಮ್ಮಲ್ಲಿ ರಾಗಿ ಹುರಿಟ್ಟು ಇಲ್ಲವಾ?

ಅಂಗಡಿಯವರ ಸಾಸ್, ನೂಡಲ್ಸ್ ರುಚಿ ಮಕ್ಕಳಿಗೆ ಹಿಡಿಸದೇ ಇರಬಹುದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳು ತಿನ್ನದೆ ಬಿಟ್ಟ ಪ್ಯಾಕೆಟ್‌ಗಿಂತ ದುಬಾರಿ ಪ್ಯಾಕೆಟ್ ಇಲ್ಲ. ಚಿಕ್ಕದು ತಂದು ನೋಡಿ. ಇನ್ನೊಂದು ಉಪಾಯವೂ ಇದೆ, ಹಳೇ ಡಬ್ಬಕ್ಕೆ ಸುರಿದು ಏನೂ ಹೇಳದೆ ಸುಮ್ನೆ ಇದ್ದುಬಿಡುವುದು. ಬೇಳೆ, ರವೆ, ಸಕ್ಕರೆ ವಿಷಯದಲ್ಲಿ ಇದನ್ನು ಅತ್ತೆಯವರ ಮೇಲೂ ಪ್ರಯೋಗಿಸಬಹುದು, ಸಿಕ್ಕಿಬಿದ್ದರೆ ನನ್ನ ಹೆಸರು ಹೇಳಬೇಡಿ. ಮನೆಯಲ್ಲಿ ಯಾರಿಗಾದರೂ ಕಡಲೆಬೀಜ, ಹಾಲು, ಗೋಧಿ ಆಗದಿದ್ದರೆ ಮಾತ್ರ ಈ ಆಟ ಬೇಡ. ತಯಾರಿಸುವವರು ಬದಲಾದಾಗ ಪದಾರ್ಥವೂ ಬದಲಾಗಬಹುದು, ಅಂಥ ಮನೆಯಲ್ಲಿ ಪ್ರತಿ ಸಲ ಪಟ್ಟಿ ಓದಲೇಬೇಕು.

ಮಸಾಲೆ ಪುಡಿ ನಾನು ಅಂಗಡಿಯವರದೂ ತರುವುದಿಲ್ಲ, ಕಂಪನಿಯದೂ ಕಡಿಮೆ. ಕಾಳುಮೆಣಸು ಬೆಳೆಯುವ ಊರಿನಲ್ಲಿ ಇದ್ದುಕೊಂಡು ಮೆಣಸಿನ ಪುಡಿಯ ಸಣ್ಣ ಡಬ್ಬ ತರುವವರನ್ನು ನೋಡಿದರೆ ನಗು ಬರುತ್ತದೆ. ಪಂದಿ ಕರಿಯ ಮಸಾಲೆ ಮನೆಯಲ್ಲೇ ಕಪ್ಪಗೆ ಹುರಿದು ಪುಡಿ ಮಾಡಿದರೇ ಅದರ ರುಚಿ, ಅದಕ್ಕೆ ಹಾಕುವ ಹುಳಿ ಕಾಚಂಪುಳಿಗೂ ಬದಲಿ ಇಲ್ಲ. ಅರಿಶಿನ, ಒಣಮೆಣಸಿನ ಪುಡಿ ತರಲೇಬೇಕಾದರೆ ಅಗ್‌ಮಾರ್ಕ್ ಇರುವುದು ನೋಡಿ. ಜೇನು ಬೇಕಾದರೆ ವಿರಾಜಪೇಟೆ, ಭಾಗಮಂಡಲದ ಸಹಕಾರ ಸಂಘಗಳ ಜೇನು ಕೇಳಿ. ಆದರೆ ರಸ್ತೆ ಬದಿಯಲ್ಲಿ ಪ್ರವಾಸಿಗರಿಗೆ ಅಂತ ಹೋಮ್‌ಮೇಡ್ ಚೀಟಿ ಅಂಟಿಸಿ ಮಾರುವ ಜೇನು, ಮಸಾಲೆ, ಚಾಕೊಲೇಟ್ ಇದೆಯಲ್ಲ, ಲೈಸೆನ್ಸ್ ನಂಬರ್ ಇಲ್ಲ, ತಾರೀಖು ಇಲ್ಲ, ಮಾಡಿದವರ ವಿಳಾಸ ಇಲ್ಲ ಅಂದರೆ ಅದಕ್ಕಿಂತ ಸೂಪರ್ ಮಾರ್ಕೆಟ್‌ನ ಅತಿ ಅಗ್ಗದ ಪ್ಯಾಕೆಟ್ಟೇ ವಾಸಿ. ನಮ್ಮೂರಿನದು ಅನ್ನುವ ಅಭಿಮಾನಕ್ಕೂ ಒಂದು ವಿಳಾಸ ಬೇಕು.

ಕಾಫಿ ಪುಡಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯವರೇ ಚಿಕೋರಿ ಕುಡಿಯುವುದು ಜಾಸ್ತಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇದ್ದರೆ ಸಾಕು, ಉಳಿದದ್ದು ಚಿಕೋರಿ ಆಗಬಹುದು. ಎರಡರ ಶೇಕಡಾವೂ ಪ್ಯಾಕೆಟ್ ಮೇಲೆ ಇರಲೇಬೇಕು. ಅಂಗಡಿಯವರ ಪುಡಿ ಕಡಿಮೆ ಬೆಲೆಗೆ ಸಿಗುತ್ತದೆ ಅಂದರೆ ಮೊದಲು ಆ ಸಂಖ್ಯೆ ನೋಡಿ. ಒಂದರಲ್ಲಿ 53, ಇನ್ನೊಂದರಲ್ಲಿ 80 ಇದ್ದರೆ ಬೆಲೆ ಹೋಲಿಸಿ ಏನು ಪ್ರಯೋಜನ? ಚಿಕೋರಿ ಕಾಫಿಗಿಂತ ತುಂಬಾ ಅಗ್ಗ. ಊರಿನಲ್ಲೇ ಕಣ್ಣೆದುರು ಬೀಜ ಹುರಿದು ಪುಡಿ ಮಾಡಿ ಕೊಡುವ ಅಂಗಡಿ ಇದ್ದರೆ ನಿಮಗೆ ಬೇಕಾದ ಅಳತೆ ಹೇಳಿ ಮಾಡಿಸಿ.

ಮಳೆಗಾಲದ ಪ್ರಶ್ನೆ ಚೆನ್ನಾಗಿ ಕೇಳಿದ್ದೀರಿ. ಬೇರೆ ಊರಿನವರಿಗೆ ಕೊಡುವ ಸಲಹೆ ನಮಗೆ ಹೊಂದದೇ ಇರುವುದು ಇಲ್ಲೇ. ಜೂನ್‌ನಿಂದ ಕಕ್ಕಡ ತಿಂಗಳು (ಆಗಸ್ಟ್ ನಡುಭಾಗ) ಮುಗಿಯುವವರೆಗೆ ನಮ್ಮ ಮನೆಗಳ ಗೋಡೆಯೇ ಬೆವರುತ್ತದೆ. ಬೇಳೆ, ಹಿಟ್ಟು ಗಾಳಿಯಿಂದ ತೇವ ಎಳೆದುಕೊಳ್ಳುತ್ತವೆ, ತೇವ ಏರಿದರೆ ಬೂಷ್ಟು, ಹುಳ ಎರಡೂ ಬರುತ್ತವೆ. ಪ್ಯಾಕೆಟ್ ಮೇಲಿನ ಬೆಸ್ಟ್ ಬಿಫೋರ್ ತಾರೀಖು ಒಣ, ತಂಪು ಜಾಗದಲ್ಲಿ ಇಟ್ಟರೆ ಅಂತ ಲೆಕ್ಕ ಹಾಕಿದ್ದು. ನಮ್ಮ ಅಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ಬ್ರ್ಯಾಂಡ್‌ಗಿಂತ ಪ್ಯಾಕೆಟ್‌ನ ಪ್ಲಾಸ್ಟಿಕ್ ಮುಖ್ಯ. ಅಂಗಡಿಯವರ ಅಗ್ಗದ ಬೇಳೆ ಹೆಚ್ಚಾಗಿ ತೆಳು ಪ್ಲಾಸ್ಟಿಕ್‌ನಲ್ಲಿ ಬರುತ್ತದೆ, ಕೆಲವದಕ್ಕೆ ಒಂದರ ಮೇಲೊಂದು ಜೋಡಿಸುವಾಗ ಗಾಳಿ ಹೋಗಲಿ ಅಂತ ಸೂಜಿ ತೂತೂ ಇರುತ್ತದೆ. ಪ್ಯಾಕೆಟ್ ಹಿಡಿದು ಮೆಲ್ಲಗೆ ಅಮುಕಿ. ಗಾಳಿ ಸಣ್ಣಗೆ ಹೊರಗೆ ಬಂದರೆ ಆ ಬೇಳೆ ಮಳೆಗಾಲಕ್ಕೆ ಆಗುವುದಿಲ್ಲ, ಬೇಸಿಗೆಯಲ್ಲಿ ತಂದು ಬಳಸಿ. ಬಿಸ್ಕತ್ತು, ಚಿಪ್ಸ್, ಹಾಲಿನ ಪುಡಿಗೆ ಒಳಗೆ ಬೆಳ್ಳಿ ಬಣ್ಣದ ಪದರ ಇರುವ ಪ್ಯಾಕೆಟ್ ನೋಡಿ. ಇದರಲ್ಲಿ ದೊಡ್ಡ ಕಂಪನಿಯವರು ಜಾಸ್ತಿ ಖರ್ಚು ಮಾಡುತ್ತಾರೆ, ಹಾಗಾಗಿ ಮಳೆಗಾಲಕ್ಕೆ ಮಾತ್ರ ಇವುಗಳಲ್ಲಿ ಕಂಪನಿ ಮಾಲಿಗೆ ನನ್ನ ವೋಟು. ಒಂದು ಕಿಲೋ ಬಿಸ್ಕತ್ತಿನ ಫ್ಯಾಮಿಲಿ ಪ್ಯಾಕ್ ಬೇಡ, ಚಿಕ್ಕ ಚಿಕ್ಕ ಪ್ಯಾಕೆಟ್ ಇರುವುದು ತನ್ನಿ. ಒಮ್ಮೆ ಒಡೆದರೆ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ ಅಂತ ನಿಮಗೇ ಗೊತ್ತು.

ಬೇಳೆಯನ್ನು ಮೇ ತಿಂಗಳ ಬಿಸಿಲಿಗೆ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ತುಂಬಿಡಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಹಿಟ್ಟು ಮಾತ್ರ ಎರಡು ಮೂರು ವಾರಕ್ಕಿಂತ ಜಾಸ್ತಿ ಇಡಬೇಡಿ, ಅದು ಎಂಥ ಬ್ರ್ಯಾಂಡ್ ಆದರೂ. ಮುಗ್ಗಲು ವಾಸನೆ ಬಂದ ಕಡಲೆಬೀಜ, ಬೇಳೆಯನ್ನು ತೊಳೆದು ಬಳಸೋಣ ಅನ್ನಬೇಡಿ. ಬೂಷ್ಟಿನ ವಿಷ ತೊಳೆದರೆ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ. ಇನ್ನು ಮೈಸೂರಿಂದ ಫ್ರೋಜನ್ ಬಟಾಣಿ, ಪರೋಟ ತರುವುದು ಮಳೆಗಾಲದಲ್ಲಿ ಬಿಟ್ಟೇಬಿಡಿ. ಹುಣಸೂರು, ಪಂಚವಳ್ಳಿ, ತಿತಿಮತಿ ದಾಟಿ ಬರುವಷ್ಟರಲ್ಲಿ ಕರಗಿರುತ್ತದೆ. ಮನೆಗೆ ಬಂದು ಮತ್ತೆ ಫ್ರೀಜರ್‌ಗೆ ಹಾಕಿದರೆ ಕರೆಂಟು ಎರಡು ದಿನ ಇರುವುದಿಲ್ಲ.

ಕೊನೆಗೆ ಲೆಕ್ಕಾಚಾರ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆ ಅಂತಲೂ ಹಾಕಿರುತ್ತಾರೆ. ಹೋಲಿಸಬೇಕಾದ್ದು ಅದನ್ನೇ. ಕಂಪನಿಯದು 480 ಗ್ರಾಂಗೆ 96 ರೂಪಾಯಿ, ಅಂಗಡಿಯದು 400 ಗ್ರಾಂಗೆ 84 ರೂಪಾಯಿ ಅಂದುಕೊಳ್ಳಿ. ಶೆಲ್ಫ್ ಮುಂದೆ ನಿಂತಾಗ 84 ಕಡಿಮೆ ಅನ್ನಿಸುತ್ತದೆ. ಗ್ರಾಂ ಲೆಕ್ಕದಲ್ಲಿ ಕಂಪನಿಯದು 20 ಪೈಸೆ, ಅಂಗಡಿಯದು 21 ಪೈಸೆ. ಆಫರ್ ಇದ್ದ ವಾರ ಕಂಪನಿ ಮಾಲು ಇನ್ನೂ ಕೆಳಗೆ ಇಳಿಯಬಹುದು. ಒಂದು ಕೊಂಡರೆ ಒಂದು ಉಚಿತ ಅಂತ ಇದ್ದಾಗ ತಾರೀಖು ನೋಡುವುದು ಮರೆಯಬೇಡಿ, ಹೆಚ್ಚಾಗಿ ಅವಧಿ ಹತ್ತಿರ ಬಂದದ್ದನ್ನೇ ಹೀಗೆ ಖಾಲಿ ಮಾಡುವುದು.

ಗೋಣಿಕೊಪ್ಪದಿಂದ ಮೈಸೂರಿಗೆ ಹೋಗಿ ಬರಲು ಸುಮಾರು 180 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 12 ಲೀಟರ್ ಪೆಟ್ರೋಲ್, ಸಾವಿರದ ಇನ್ನೂರು ರೂಪಾಯಿ ದಾಟುತ್ತದೆ. ತಿಂಗಳಿಗೆ ಆರು ಸಾವಿರದ ದಿನಸಿಯಲ್ಲಿ ಶೇ. 15 ಉಳಿಸಿದರೂ ಸಿಗುವುದು 900. ಆಸ್ಪತ್ರೆಗೋ, ಮಗಳ ಹಾಸ್ಟೆಲ್‌ಗೋ ಹೇಗೂ ಹೋಗುವುದಿದ್ದರೆ ದಾರಿಯಲ್ಲಿ ತನ್ನಿ. ಬೇಳೆ ಉಳಿತಾಯಕ್ಕೆ ಅಂತಲೇ ಕಾರು ತೆಗೆಯಬೇಡಿ. ಆ ತಿಂಗಳು ಗೋಣಿಕೊಪ್ಪದ ಭಾನುವಾರದ ಸಂತೆ, ಪಕ್ಕದ ದಿನಸಿ ಅಂಗಡಿ ಸಾಕು. ಬೇಳೆಯಲ್ಲಿ ಹುಳ ಬಂದರೆ ಬದಲಾಯಿಸಿ ಕೊಡುವವರು ಅವರೇ.

ಸೂಪರ್ ಮಾರ್ಕೆಟ್‌ನಲ್ಲೂ ಬದಲಾಯಿಸಿ ಕೊಡುತ್ತಾರೆ, ಆದರೆ ಬಿಲ್ ಬೇಕು. ಸಾಮಾನನ್ನು ಡಬ್ಬಕ್ಕೆ ಸುರಿದ ಮೇಲೂ ಲಾಟ್ ನಂಬರ್ ಇರುವ ತುಂಡು ಕತ್ತರಿಸಿ ಬಿಲ್ ಜೊತೆ ಇಟ್ಟುಕೊಳ್ಳಿ. ಅವರು ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಂಗಡಿಯವರದೇ ಹೆಸರಿನ ಮಾಲಾದರೆ ನಿಮಗೆ ಒಂದು ಅನುಕೂಲ ಇದೆ. ಕಂಪನಿಯವರನ್ನು ಕೇಳಿ ಅಂತ ಅವರು ಕೈ ತೊಳೆದುಕೊಳ್ಳುವ ಹಾಗಿಲ್ಲ, ಪ್ಯಾಕೆಟ್ ಮೇಲೆ ಇರುವುದು ಅವರದೇ ಹೆಸರು.